ಮಾಗಡಿ ಅಲ್ಲ ಕಾಕಾ, ಮಾಗಧಿ

ಈ ಸಲ ಎಳ್ಳ ಅಮಾಸಿಗೆ ಊರಿಗೆ ಹೋಗುವಾಗ ಆಫೀಸಿನ ಗೆಳೆಯನೊಬ್ಬನನ್ನೂ ಕರಕೊಂಡು ಹೋಗಿದ್ದೆ. ಬಿಹಾರದ ಗಯಾ ಕಡೆಯವನು. ಎರಡು ವರ್ಷದಿಂದ ನಮ್ಮಿಬ್ಬರ ಡೆಸ್ಕು ಅಕ್ಕಪಕ್ಕ, ಊಟದ ಡಬ್ಬಿ ಹಂಚಿಕೊಳ್ಳುವಷ್ಟು ಸಲಿಗೆ. ನಮ್ಮೂರು ಯಾವಗಲ್. ರೋಣ ತಾಲೂಕು, ಗದಗ ಜಿಲ್ಲೆ. ಕಣ್ಣು ಹಾಯುವಷ್ಟು ದೂರ ಎರಿ ಹೊಲ, ಜೋಳ, ಕಡ್ಲಿ. ಹೊಲದಾಗ ಚರಗ ಚೆಲ್ಲಿ, ಬನ್ನಿಗಿಡದ ನೆರಳಿನಲ್ಲಿ ಕೂತು ಸಜ್ಜಿ ರೊಟ್ಟಿ ಮುರಿಯುತ್ತಿರುವಾಗ ಅವನಿಗೆ ಮನೆಯಿಂದ ಫೋನು ಬಂತು. ಬದುವಿನ ಮೇಲೆ ಅಡ್ಡಾಡುತ್ತ ತಾಯಿ ಜೊತೆ ಮಾತಾಡತೊಡಗಿದ. ನಮ್ಮ ಕಾಕಾ ರೊಟ್ಟಿ ಅಲ್ಲೇ ಬಿಟ್ಟು ಕಿವಿಗೊಟ್ಟ.

"ಯಾ ಭಾಷಿ ಅದು?"

"ಹಿಂದಿ, ಕಾಕಾ."

"ಹಿಂದಿ ಅಲ್ಲೋ ತಮ್ಮಾ. ನಾ ಏನ್ ಹಿಂದಿ ಸಿನೆಮಾ ನೋಡಿಲ್ಲೇನು? ಇದು ಬ್ಯಾರೇನ ಐತಿ. ಕೇಳ ಅವಂಗ."

ಕೇಳಿದೆ. ಅವನು ಯಾಕೋ ಸಣ್ಣಗೆ ನಾಚಿಕೊಂಡ. "ಮಗಹಿ," ಅಂದ. ನನ್ನ ಮುಖದಲ್ಲಿ ಏನೂ ಹೊಳೆದದ್ದು ಕಾಣದೆ, "ಪುಸ್ತಕದಲ್ಲಿ ಮಾಗಧಿ ಅಂತಾರಲ್ಲ, ಅದರ ಮಗಳು ಅಂದ್ಕೋ. ಮನೆ ಮಾತು ಅಷ್ಟೆ. ಫಾರ್ಮಲ್ಲೆಲ್ಲ ಹಿಂದಿ ಅಂತಾನೇ ಬರೀತೀವಿ," ಅಂದ. ನಾನು ಕಾಕಾನ ಕಡೆ ತಿರುಗಿ "ಮಾಗಧಿ ಅಂತ" ಅಂದೆ.

"ಮಾಗಡಿ? ನಮ್ಮ ಮಾಗಡಿ ಕೆರಿ ಕಡೇಂವೇನು?"

ಕಾಕಾನ ತಪ್ಪಿಲ್ಲ. ನಮ್ಮ ಜಿಲ್ಲೆಯವರಿಗೆ ಮಾಗಡಿ ಅಂದರೆ ಶಿರಹಟ್ಟಿ ತಾಲೂಕಿನ ಕೆರೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿಯುವ ಜಾಗ. ಬೆಂಗಳೂರಿನವರಿಗೆ ಮಾಗಡಿ ಅಂದರೆ ಕೆಂಪೇಗೌಡರ ಊರು, ಇಲ್ಲವೆ ಟ್ರಾಫಿಕ್ಕಿಗೆ ಹೆಸರಾದ ರೋಡು. ಮಾಗಧಿ ಅನ್ನೋ ಭಾಷೆ ಯಾರಿಗೂ ಥಟ್ಟನೆ ನೆನಪಾಗೋದಿಲ್ಲ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಆದರೆ ನನ್ನ ನಗು ಬೇಗ ಆರಿತು. ಎರಡು ವರ್ಷ ಪಕ್ಕದಲ್ಲಿ ಕೂತ ನನಗೆ ಕೇಳಿಸದ ಭಾಷೆ, ಎರಡು ನಿಮಿಷದಲ್ಲಿ ಕಾಕಾನಿಗೆ ಕೇಳಿಸಿತ್ತು. ನಾನು ಅವನನ್ನು "ನಮ್ಮ ಹಿಂದಿಯವನು" ಅಂತ ಟೀಮಿನಲ್ಲೆಲ್ಲ ಪರಿಚಯ ಮಾಡಿಕೊಟ್ಟಿದ್ದೆ.

ಅವತ್ತಿನಿಂದ ಆ ಹೆಸರಿನ ಬೆನ್ನು ಹತ್ತಿದೆ. ಓದುತ್ತ ಹೋದಷ್ಟೂ ಅನ್ನಿಸಿದ್ದು ಇದು: ಮಾಗಧಿ ಅಂದರೆ ಯಾವ ಭಾಷೆ ಅನ್ನೋದು ಅದನ್ನು ಆಡುವವರ ಮೇಲೆ ನಿಂತಿಲ್ಲ, ಹೆಸರು ಇಡುವವರ ಮೇಲೆ ನಿಂತಿದೆ. ಎರಡೂವರೆ ಸಾವಿರ ವರ್ಷದಿಂದ ಹೀಗೇ ನಡೆದಿದೆ.

ಮೊದಲು ನಮ್ಮ ಕನ್ನಡವನ್ನೇ ನೋಡಿ. ನಮ್ಮಲ್ಲಿ 'ಮಾಗಧ' ಎಲ್ಲಿ ಉಳಿದಿದೆ? ಒಂದು, ಭಾರತದ ಕಥೆಯಲ್ಲಿ. ಮಾಗಧ ಅಂದರೆ ಜರಾಸಂಧ, ಭೀಮ ಸೀಳಿ ಬಿಸಾಕಿದ ಖಳ. ಇನ್ನೊಂದು, 'ವಂದಿಮಾಗಧರು' ಅನ್ನೋ ಜೋಡಿಪದದಲ್ಲಿ. ಅರಸರ ಮುಂದೆ ನಿಂತು ಬಿರುದು ಹೇಳುತ್ತಿದ್ದ ಸ್ತುತಿಪಾಠಕರು. ಇವತ್ತು ಮಂತ್ರಿಗಳ ಹಿಂದೆ ಸುತ್ತುವ ಹೊಗಳುಭಟರನ್ನು ಕುಟುಕಲು ಪತ್ರಿಕೆಯವರು ಬಳಸುವ ಪದ. ಒಂದು ನಾಡಿನ ಹೆಸರು ದೂರದ ನಾಡಿಗೆ ಬರುವಾಗ ಖಳನಾಗಿ ಇಲ್ಲವೆ ಚಮಚಾ ಆಗಿ ಬಂತು. ಭಾಷೆಯಾಗಿ ಮಾತ್ರ ಬರಲಿಲ್ಲ.

ಭಾಷೆಯಾಗಿ ಅದು ಬರೋದು ಶಾಲೆಯ ಪಾಠದಲ್ಲಿ. "ಬುದ್ಧ ಪಾಲಿಯಲ್ಲಿ ಬೋಧಿಸಿದ, ಮಹಾವೀರ ಅರ್ಧಮಾಗಧಿಯಲ್ಲಿ ಬೋಧಿಸಿದ" ಅಂತ ನಾವೆಲ್ಲ ಒಂದೊಂದು ಮಾರ್ಕಿಗೆ ಬಾಯಿಪಾಠ ಮಾಡಿದವರೇ. ನನ್ನ ತಕರಾರು ಇಲ್ಲಿಂದ ಶುರು. 'ಪಾಲಿ' ಮೊದಲಿಗೆ ಭಾಷೆಯ ಹೆಸರೇ ಅಲ್ಲ. ಅದಕ್ಕೆ ಸಾಲು, ಪಂಕ್ತಿ, ಮೂಲಪಾಠ ಅಂತ ಅರ್ಥ. ವ್ಯಾಖ್ಯಾನದಿಂದ ಬೇರ್ಪಡಿಸಿ ತೋರಿಸಲು ಮೂಲ ಗ್ರಂಥಕ್ಕೆ ಪಾಲಿ ಅನ್ನುತ್ತಿದ್ದರು. 'ಪಾಲಿಯ ಭಾಷೆ' ಅನ್ನೋದು ಕಾಲಾಂತರದಲ್ಲಿ 'ಪಾಲಿ ಭಾಷೆ' ಆಯಿತು. ಹಾಗಾದರೆ ಆ ಭಿಕ್ಷುಗಳು ತಮ್ಮ ಗ್ರಂಥದ ಭಾಷೆಯನ್ನು ಏನೆಂದು ಕರೆಯುತ್ತಿದ್ದರು? ಮಾಗಧಿ ಅಂತ.

ಸುಮ್ಮನೆ ಕರೆಯಲಿಲ್ಲ, ಸಿಂಹಾಸನದ ಮೇಲೆ ಕೂರಿಸಿದರು. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬರೆದ ಬುದ್ಧಘೋಷನ ಹೆಸರಿನಲ್ಲಿರುವ ವ್ಯಾಖ್ಯಾನದಲ್ಲಿ ಒಂದು ವಿಚಿತ್ರ ವಾದ ಬರುತ್ತೆ. ತಾಯಿ ತಮಿಳರವಳು, ತಂದೆ ಆಂಧ್ರದವನು ಅಂತಿಟ್ಟುಕೊಳ್ಳಿ. ಮಗು ಯಾರ ಮಾತನ್ನು ಮೊದಲು ಕೇಳುತ್ತೋ ಆ ಭಾಷೆ ಆಡುತ್ತೆ. ಇಬ್ಬರ ಮಾತೂ ಕಿವಿಗೆ ಬೀಳದಿದ್ದರೆ? ಆಗ ಅದು ತಾನಾಗಿ ಮಾಗಧಿ ಆಡುತ್ತದಂತೆ! ಮನುಷ್ಯರಿಲ್ಲದ ಕಾಡಿನಲ್ಲಿ ಹುಟ್ಟಿ ಬೆಳೆದ ಮಗುವೂ ಅಷ್ಟೇ. ಯಾಕೆಂದರೆ ಮಾಗಧಿ ಮೂಲಭಾಷೆ. ಉಳಿದವು ಕಾಲಕ್ಕೆ ತಕ್ಕಂತೆ ಕೆಡುತ್ತವೆ, ಇದು ಕೆಡೋದಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ "ಜಗತ್ತಿನ ಎಲ್ಲ ಭಾಷೆಗಳ ತಾಯಿ" ಅಂತ ಬರುವ ಫಾರ್ವರ್ಡುಗಳ ಅಜ್ಜ ಇದು.

ಈಗ ಮಠದಿಂದ ರಂಗಕ್ಕೆ ಬನ್ನಿ. ಸಂಸ್ಕೃತ ನಾಟಕಗಳಲ್ಲಿ ಎಲ್ಲರೂ ಸಂಸ್ಕೃತ ಆಡೋದಿಲ್ಲ ಅನ್ನೋದು ಗೊತ್ತಿರೋದೇ. ರಾಜ, ಋಷಿ ಸಂಸ್ಕೃತ ಆಡಿದರೆ, ನಾಯಕಿ, ಸಖಿಯರು ಶೌರಸೇನಿ. ಹಾಗಾದರೆ ಮಾಗಧಿ ಯಾರ ಬಾಯಲ್ಲಿ? ಕಾಳಿದಾಸನ 'ಶಾಕುಂತಲ'ದ ಆರನೇ ಅಂಕ ತೆಗೆದು ನೋಡಿ. ರಾಜನ ಹೆಸರಿರುವ ಉಂಗುರ ಮಾರಲು ಬಂದ ಬೆಸ್ತನನ್ನು ಇಬ್ಬರು ಕಾವಲುಗಾರರು ಕಟ್ಟಿ ತಂದಿದ್ದಾರೆ. ಅವನೂ ಅವರೂ ಆಡುವ ಭಾಷೆ ಮಾಗಧಿ. ಈ ರಂಗದ ಮಾಗಧಿಯ ಗುರುತು ಮೂರು: 'ರ' ಬಂದಲ್ಲಿ 'ಲ', 'ಸ' ಬಂದಲ್ಲಿ 'ಶ', ಪದದ ಕೊನೆಗೆ 'ಎ'. ಪುರುಷಃ ಅನ್ನೋದು ಪುಲಿಶೇ. (ಬೆಸ್ತನನ್ನು ಹೊಡೆಯುವ ದೃಶ್ಯದಲ್ಲಿ 'ಪುಲಿಶೇ' ಅಂತ ಕೇಳಿದರೆ ನಮಗೆ ಬೇರೇನೇ ನೆನಪಾಗುತ್ತೆ, ಇರ್ಲಿ.) ಬುದ್ಧಗ್ರಂಥಗಳ 'ಮಾಗಧಿ'ಯಲ್ಲಿ ಈ ಮೂರರಲ್ಲಿ ಒಂದೂ ನಿಯಮವಾಗಿ ಇಲ್ಲ. ಅಲ್ಲಿ ರಾಜಾ ರಾಜಾನೇ, ಪುರುಷ 'ಪುರಿಸೋ'.

ಅಂದರೆ ಹೆಸರು ಒಂದೇ, ಭಾಷೆ ಎರಡು, ಮರ್ಯಾದೆ ತದ್ವಿರುದ್ಧ. ಮಠದಲ್ಲಿ ಮಾಗಧಿ ದೇವರ ಕೋಣೆಯದು. ರಂಗದ ಮೇಲೆ ಮಾಗಧಿ ಅಂದರೆ ಪ್ರೇಕ್ಷಕರು ನಗಲು ತಯಾರಾಗುವ ಸೂಚನೆ.

ಇದನ್ನು ಓದುವಾಗ ನನಗೆ ನನ್ನ ಮೊದಲ ಕೆಲಸದ ಮೊದಲ ವಾರ ನೆನಪಾಯಿತು. ಮೀಟಿಂಗಿನಲ್ಲಿ "ಹಂಗ ಮಾಡೂಣ್ರಿ" ಅಂದಿದ್ದೆ. ಇಡೀ ಟೇಬಲ್ಲು ನಕ್ಕಿತು. ಕೆಟ್ಟ ನಗು ಏನಲ್ಲ, ಪ್ರೀತಿಯದ್ದೇ. "ಸೂಪರ್ ಗುರು, ಇನ್ನೊಂದ್ಸಲ ಹೇಳು" ಅಂದರು. ಹೇಳಿದೆ. ಮತ್ತೆ ನಕ್ಕರು. ಒಂದು ತಿಂಗಳೊಳಗೆ ನಾನು ಎರಡು ಕನ್ನಡ ಕಲಿತೆ: ಆಫೀಸಿಗೆ ಒಂದು, ಅವ್ವನಿಗೆ ಫೋನ್ ಮಾಡಲು ಒಂದು. ಫೋನ್ ಬಂದರೆ ಎದ್ದು ಕಾರಿಡಾರಿಗೆ ಹೋಗುವ ಅಭ್ಯಾಸ ಆಗ ಶುರುವಾದದ್ದು ಇವತ್ತಿಗೂ ಹೋಗಿಲ್ಲ. ಗಯಾದ ಗೆಳೆಯ ಬದುವಿನ ಮೇಲೆ ಅಷ್ಟು ದೂರ ನಡೆದು ಹೋಗಿ ಯಾಕೆ ಮಾತಾಡುತ್ತಿದ್ದ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಬೇಂದ್ರೆಯವರ ಕವಿತೆಯಲ್ಲಿ ಬಂದರೆ ನಮ್ಮ ಮಾತು 'ದೇಸಿ ಸೊಗಡು'. ಅದೇ ಮಾತು ಸಿನಿಮಾದ ಕಂಡಕ್ಟರನ ಬಾಯಲ್ಲಿ, ಸೀರಿಯಲ್ಲಿನ ಅಡುಗೆಯವನ ಬಾಯಲ್ಲಿ ಬಂದರೆ ಕಾಮಿಡಿ ಟ್ರ್ಯಾಕು. ಮಾಗಧಿಗೆ ಮಠ ಮತ್ತು ರಂಗ ಇದ್ದಂತೆ ನಮಗೂ ಎರಡು ಜಾಗ ಗೊತ್ತು ಮಾಡಿಟ್ಟಿದ್ದಾರೆ: ಪೂಜೆಗೆ ಒಂದು, ನಗೆಗೆ ಒಂದು. ನಡುವೆ ಸುಮ್ಮನೆ ಕೆಲಸದ ಮಾತಾಡಲು, ಬಜೆಟ್ ಚರ್ಚೆ ಮಾಡಲು, ಪ್ರೀತಿ ಹೇಳಿಕೊಳ್ಳಲು ಜಾಗ ಕಡಿಮೆ.

ಆದರೆ ಕಾಳಿದಾಸನನ್ನು ಹೀಗೆ ಒಂದೇ ಏಟಿಗೆ ಬಿಟ್ಟುಬಿಡೋದು ಅನ್ಯಾಯ. ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸಂಸ್ಕೃತ ಆಡುವ ರಾಜ ಎಲ್ಲ ಮರೆತು ಕೂತಿದ್ದಾನೆ. ಅವನಿಗೆ ನೆನಪು ಬರಬೇಕಾದರೆ ಮೀನಿನ ಹೊಟ್ಟೆ ಸೀಳಿದ ಬೆಸ್ತ ಬರಬೇಕು. ನಾಟಕದ ಗಂಟು ಬಿಚ್ಚುವ ವಸ್ತು ಇರೋದು ಮಾಗಧಿ ಆಡುವವನ ಕೈಯಲ್ಲಿ. ಅವನ ಕಸುಬನ್ನು ಹಂಗಿಸಿದಾಗ ಅವನು ತಲೆ ತಗ್ಗಿಸೋದೂ ಇಲ್ಲ, ತಿರುಗಿ ಉತ್ತರ ಕೊಡುತ್ತಾನೆ. ಪ್ರೇಕ್ಷಕರು ನಗಲು ಸಿದ್ಧರಾಗಿ ಕೂತಿದ್ದಾಗಲೇ ಕವಿ ಉಂಗುರವನ್ನು ಅವನ ಕೈಗಿಟ್ಟಿದ್ದಾನೆ.

ಈ ಪ್ರಾಕೃತಗಳ ಏರುಪೇರನ್ನು ಕನ್ನಡಕ್ಕೆ ತರೋದು ಹೇಗೆ? ನಮ್ಮಲ್ಲಿ ಇದಕ್ಕೆ ಎರಡು ದಾರಿ ಸಿಕ್ಕವು. 1870ರ ಆಸುಪಾಸಿನಲ್ಲಿ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಧಾರವಾಡ ಸೀಮೆಯ ಆಡುಮಾತಿನ ಸನಿಹಕ್ಕೆ ತಂದರು. ಮುಂದೆ ಮೈಸೂರಿನ ಆಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಅದನ್ನೇ ಪ್ರೌಢವಾದ ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಅನ್ನಿಸಿಕೊಂಡರು. ಇಬ್ಬರೂ ದೊಡ್ಡವರೇ. ಆದರೆ ನಮ್ಮ ನೆನಪಿನಲ್ಲಿ ಯಾರು ಹೆಚ್ಚು ಉಳಿದರು ಅಂತ ಕೇಳಿಕೊಂಡರೆ, ಯಾವ ಕನ್ನಡವನ್ನು ನಾವು 'ಸಾಹಿತ್ಯ'ದ ಕನ್ನಡ ಅಂತ ಒಪ್ಪಿಕೊಂಡೆವು ಅನ್ನೋದಕ್ಕೂ ಉತ್ತರ ಸಿಗುತ್ತೆ. ಆಡುಮಾತು ರಂಗಕ್ಕೆ ಬರಬೇಕಾದರೆ ನಗೆಯ ಬಾಗಿಲಿನಿಂದಲೇ ಬರಬೇಕು ಅನ್ನೋ ನಿಯಮ ಇರಲಿಲ್ಲ. ಚುರಮುರಿಯವರು ಇನ್ನೊಂದು ಬಾಗಿಲು ತೆಗೆದಿದ್ದರು. ನಾವು ಆ ಕಡೆ ಹೆಚ್ಚು ಓಡಾಡಲಿಲ್ಲ, ಅಷ್ಟೆ.

ಮೂರನೆಯದು ಅರ್ಧಮಾಗಧಿ, ಶ್ವೇತಾಂಬರ ಜೈನರ ಆಗಮಗಳ ಭಾಷೆ. 'ಅರ್ಧ' ಅಂದರೇನು? ಮಗಧದ ಅರ್ಧ ಭಾಗದಲ್ಲಿ ಆಡುತ್ತಿದ್ದದ್ದು ಅಂತ ಕೆಲವರು, ಮಾಗಧಿಯ ಲಕ್ಷಣಗಳು ಅರ್ಧ ಮಾತ್ರ ಇರೋದು ಅಂತ ಕೆಲವರು. ಅದರಲ್ಲಿ ಕೊನೆಯ 'ಎ' ಇದೆ, ಆದರೆ 'ರ' ಸಾಮಾನ್ಯವಾಗಿ 'ರ' ಆಗಿಯೇ ಉಳಿದಿದೆ. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪಾಠ ಮಾಡಿದ್ದು ಇದೇ ಅರ್ಧಮಾಗಧಿಯನ್ನು. ಹಾಗಾಗಿ ಈ ಹೆಸರು ನಮ್ಮ ಕಡೆಗೆ ಅಷ್ಟೇನೂ ಪರಕೀಯವಲ್ಲ.

ಆದರೆ ನನಗೆ ಇಷ್ಟವಾದದ್ದು ಜೈನ ಆಗಮಗಳಲ್ಲಿ ಬರುವ ಒಂದು ಕಲ್ಪನೆ. ಮಹಾವೀರ ಅರ್ಧಮಾಗಧಿಯಲ್ಲಿ ಮಾತಾಡಿದರೆ, ಕೇಳುತ್ತ ಕೂತ ಆರ್ಯ, ಅನಾರ್ಯ, ದನ, ಜಿಂಕೆ, ಹಕ್ಕಿ ಎಲ್ಲರಿಗೂ ಅದು ಅವರವರ ಭಾಷೆಯಾಗಿ ಕೇಳಿಸುತ್ತಿತ್ತಂತೆ. ಬುದ್ಧಘೋಷನ ಮಗುವಿನ ಕಥೆಯ ಪಕ್ಕದಲ್ಲಿ ಇದನ್ನಿಡಿ. ಒಂದು ಕಥೆಯಲ್ಲಿ, ಉಳಿದ ಭಾಷೆಗಳೆಲ್ಲ ಇಲ್ಲವಾದರೆ ಮಾಗಧಿ ಉಳಿಯುತ್ತೆ. ಇನ್ನೊಂದರಲ್ಲಿ, ಮಾಗಧಿ ಕೇಳುವವರ ಕಿವಿಯಲ್ಲಿ ಕರಗಿ ಅವರದ್ದಾಗುತ್ತೆ. ಎರಡೂ ನಂಬಿಕೆಯ ಕಥೆಗಳೇ. ಆದರೆ ಒಂದು ಭಾಷೆ ಇನ್ನೊಂದರ ಜೊತೆ ಹೇಗೆ ಬಾಳಬೇಕು ಅನ್ನೋದಕ್ಕೆ ಎರಡು ಬೇರೆ ಬೇರೆ ಮನಸ್ಸುಗಳು.

ಬುದ್ಧನ ಮನಸ್ಸು ಯಾವುದಿತ್ತು? ವಿನಯಪಿಟಕದಲ್ಲೊಂದು ಪ್ರಸಂಗವಿದೆ. ಬ್ರಾಹ್ಮಣ ಕುಲದಿಂದ ಬಂದ ಇಬ್ಬರು ಭಿಕ್ಷುಗಳು ಬುದ್ಧನ ಹತ್ತಿರ ದೂರು ತರುತ್ತಾರೆ: ನಾನಾ ಕುಲದ, ನಾನಾ ಕಡೆಯ ಭಿಕ್ಷುಗಳು ನಿಮ್ಮ ಮಾತನ್ನು ತಮ್ಮ ಮಾತಿನಲ್ಲಿ ಹೇಳಿ ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಹಾಕೋಣ. ಬುದ್ಧ ಒಪ್ಪೋದಿಲ್ಲ. 'ತಮ್ಮ ಮಾತಿನಲ್ಲೇ' ಕಲಿಯಲಿ ಅನ್ನುತ್ತಾನೆ. ತಮ್ಮ ಅಂದರೆ ಯಾರ? ಭಿಕ್ಷುಗಳ ತಂತಮ್ಮ ಮಾತು ಅಂತ ಇವತ್ತಿನ ಬಹಳಷ್ಟು ವಿದ್ವಾಂಸರು ಓದುತ್ತಾರೆ. ಬುದ್ಧಘೋಷ ಮಾತ್ರ ಇಲ್ಲ, ಅದು ಬುದ್ಧನ ಸ್ವಂತ ಮಾತು, ಅಂದರೆ ಮಾಗಧಿ ಅಂದ. ಕನ್ನಡದಲ್ಲೂ 'ತಮ್ಮ ಮಾತು' ಅಂದರೆ ಅವರವರದೂ ಆಗಬಹುದು, ಎದುರಿಗಿರುವ ದೊಡ್ಡವರದೂ ಆಗಬಹುದು. ಒಂದು ಸರ್ವನಾಮ ಆ ಕಡೆ ವಾಲಿದರೆ ಎಲ್ಲರಿಗೂ ಅವರವರ ಭಾಷೆ. ಈ ಕಡೆ ವಾಲಿದರೆ ಎಲ್ಲರಿಗೂ ಒಂದೇ ಭಾಷೆ.

ಇದೆಲ್ಲ ಬಿಹಾರ, ಶ್ರೀಲಂಕಾದ ಕಥೆ ಅನ್ನಬೇಡಿ. ಗದಗದಿಂದ ಕೊಪ್ಪಳ ಒಂದು ತಾಸಿನ ದಾರಿ. ಅಲ್ಲಿ ಗವಿಮಠದ ಗುಡ್ಡದ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ, 1931ರಲ್ಲಿ ಬೆಳಕಿಗೆ ಬಂದವು. ಗೆಳೆಯನನ್ನು ಮರುದಿನ ಗವಿಮಠಕ್ಕೆ ಕರಕೊಂಡು ಹೋದೆ. ಅವನ ನಾಡಿನ ರಾಜ ನಮ್ಮ ನಾಡಿನ ಬಂಡೆಯ ಮೇಲೆ ಬರೆಸಿದ್ದು! ಅದರಲ್ಲಿ ರಾಜ ತನ್ನನ್ನು 'ದೇವಾನಂಪಿಯೆ' ಅಂದುಕೊಳ್ಳುತ್ತಾನೆ. ಕೊನೆಯ 'ಎ' ಪಾಟಲಿಪುತ್ರದ್ದು. ಆದರೆ ಪೂರ್ವದ ಶಾಸನಗಳಲ್ಲಿ 'ಲ' ಆಗುವ 'ರ' ಇಲ್ಲಿ 'ರ' ಆಗಿಯೇ ನಿಂತಿದೆ. ರಾಜಧಾನಿಯಿಂದ ಬಂದ ಒಕ್ಕಣೆಯೂ ದಾರಿಯಲ್ಲಿ ಒಂದಷ್ಟು ಬದಲಾಗಿ ಬಂದಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಸಾಮ್ರಾಜ್ಯಕ್ಕೆ 'ಒಂದೇ ಉಚ್ಚಾರ ಇರಲಿ' ಅನ್ನೋ ಹಟ ಇರಲಿಲ್ಲ.

ಆ ಹಟ ಇರೋದು ನಮ್ಮ ಕಾಲದ ಪಟ್ಟಿಗಳಿಗೆ. 2011ರ ಜನಗಣತಿಯಲ್ಲಿ ಹಿಂದಿ ಮಾತೃಭಾಷಿಕರು 52.83 ಕೋಟಿ. ದೊಡ್ಡ ಸಂಖ್ಯೆ, ಟೀವಿ ಚರ್ಚೆಗಳಲ್ಲಿ ಬೀಸಲು ಅನುಕೂಲ. ಒಳಗೆ ಇಣುಕಿದರೆ ತಮ್ಮ ಭಾಷೆ 'ಹಿಂದಿ' ಅಂತಲೇ ಹೇಳಿದವರು 32.22 ಕೋಟಿ. ಉಳಿದವರು ಬೇರೆ ಬೇರೆ ಹೆಸರು ಹೇಳಿದ್ದಾರೆ: ಭೋಜಪುರಿ 5 ಕೋಟಿ ಚಿಲ್ಲರೆ, 'ಮಾಗಧಿ/ಮಗಹಿ' 1.27 ಕೋಟಿ, ಹೀಗೆ. ಎಲ್ಲವನ್ನೂ ಹಿಂದಿಯ ಗಂಟಿಗೆ ಕಟ್ಟಿದ್ದಾರೆ. ನೂರು ವರ್ಷದ ಹಿಂದೆ ಗ್ರಿಯರ್ಸನ್ ತನ್ನ ಭಾಷಾ ಸಮೀಕ್ಷೆಯಲ್ಲಿ ಮಗಹಿ, ಮೈಥಿಲಿ, ಭೋಜಪುರಿಗಳನ್ನು 'ಬಿಹಾರಿ' ಅಂತ ಬೇರೆಯೇ ಗುಂಪು ಮಾಡಿ ಬಂಗಾಳಿ, ಒಡಿಯಾಗಳ ಬಳಗಕ್ಕೆ ಸೇರಿಸಿದ್ದ. ಮೈಥಿಲಿ 2003ರ ತಿದ್ದುಪಡಿಯಿಂದ ಎಂಟನೇ ಪರಿಚ್ಛೇದ ಸೇರಿ ಹಿಂದಿಯ ಗಂಟಿನಿಂದ ಹೊರಬಂತು. ಮಗಹಿ ಅಲ್ಲೇ ಉಳಿಯಿತು.

ವ್ಯಾಕರಣ ಬೇರೆ ಕಥೆ ಹೇಳುತ್ತೆ. ಮಗಹಿಯ ಕ್ರಿಯಾಪದ ಕೇಳುವವರಿಗೆ ಕೊಡುವ ಮರ್ಯಾದೆಯನ್ನೂ ತನ್ನೊಳಗೆ ಹೊತ್ತಿರುತ್ತೆ, ಆ ವಾಕ್ಯದಲ್ಲಿ ಅವರ ಸುದ್ದಿಯೇ ಇಲ್ಲದಿದ್ದರೂ. ಹಿಂದಿಯ ಕ್ರಿಯಾಪದಕ್ಕೆ ಈ ಜಾಣ್ಮೆ ಇಲ್ಲ. ಗೆಳೆಯ ಇದನ್ನು ವಿವರಿಸುತ್ತಿದ್ದಾಗ ನಾನು ಕಾಕಾನಿಗೆ ಹೇಳಿದೆ. ಕಾಕಾ, "ಅದರಾಗೇನ್ ಐತಿ, ನಾವೂ ದೊಡ್ಡಾವ್ರ ಮುಂದ 'ಮಳಿ ಬಂತ್ರಿ' ಅಂತೀವಲಾ" ಅಂದ. ಹೌದಲ್ಲ! ಮಳೆಗೆ ಯಾವ ಮರ್ಯಾದೆ? ಆ 'ರಿ' ಕೇಳುವವರಿಗೆ. ಆಫೀಸಿನ ಟೇಬಲ್ಲು ನಕ್ಕಿದ್ದು ಇದೇ 'ರಿ'ಗೆ.

ಇಷ್ಟು ಬರೆದು ಹಿಂದಿಯವರನ್ನು ಬೈದು ಮುಗಿಸಿದರೆ ಲೈಕುಗಳು ಬರುತ್ತವೆ. ಆದರೆ ಅದೇ ಜನಗಣತಿಯ ಕನ್ನಡದ ಪುಟವನ್ನೂ ನೋಡಬೇಕು. ಕನ್ನಡಿಗರು 4.37 ಕೋಟಿ. ಈ ಲೆಕ್ಕದೊಳಗೆ ನೀಲಗಿರಿಯ ಬಡಗ ಭಾಷೆ ಆಡುವ 1.33 ಲಕ್ಷ ಜನರೂ ಇದ್ದಾರೆ. ಬಡಗ ಕನ್ನಡಕ್ಕೆ ತೀರಾ ಹತ್ತಿರದ ಬಳಗ, ನಿಜ. ಆದರೆ ಅವರು ತಮ್ಮ ಭಾಷೆಯ ಹೆಸರು ಬಡಗ ಅಂತ ಹೇಳಿದ್ದಾರೆ. ನಮ್ಮ ಮೊತ್ತಕ್ಕೆ ಅವರು ಸೇರಿದ್ದಾರೆ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಹಿಂದಿ ಹೇರಿಕೆ ಅಂತ ಪೋಸ್ಟ್ ಹಾಕುವ ನಾನು, ಅವನ ಮಗಹಿಯನ್ನು ಎರಡು ವರ್ಷ ಹಿಂದಿ ಅಂದುಕೊಂಡೇ ಅದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಹೇರಿಸಿಕೊಂಡವನನ್ನೇ ಹೇರುವವನು ಅಂತ ತಿಳಿದಿದ್ದೆ.

ಇನ್ನು ಹೆಸರಿನ ಮಾತು. ಈ ಲೇಖನದುದ್ದಕ್ಕೂ ನಾನು ಮಾಗಧಿ ಮಾಗಧಿ ಅಂದೆ. ಬರೆದದ್ದನ್ನು ಅವನಿಗೆ ಓದಿ ಅರ್ಥ ಹೇಳಿದಾಗ ಅವನು ಒಂದೇ ತಿದ್ದುಪಡಿ ಹೇಳಿದ: "ನನ್ನ ಭಾಷೆಗೆ ಮಗಹಿ ಅನ್ನು. ಮಾಗಧಿ ಸತ್ತವರ ಹೆಸರು." ಅವನು ಹೇಳಿದ್ದರಲ್ಲಿ ಶಾಸ್ತ್ರವೂ ಇದೆ. ಎರಡು ಸ್ವರಗಳ ನಡುವಿನ 'ಧ' ಪ್ರಾಕೃತದಲ್ಲಿ ಸವೆದು 'ಹ' ಆಗುತ್ತೆ. ಸಂಸ್ಕೃತದ ವಧೂ ಹಿಂದಿಯಲ್ಲಿ ಬಹೂ ಆದದ್ದು ಹಾಗೇ. ಮಗಹಿ ಅನ್ನೋದು ಮಾಗಧಿಯ ಅಪಭ್ರಂಶವಲ್ಲ, ಜನರ ಬಾಯಲ್ಲಿ ಇಷ್ಟು ಶತಮಾನ ನಡೆದು ಬಂದ ಹೆಸರು. ಅದನ್ನು ಮಾಗಧಿ ಅಂತ ತಿದ್ದೋದು, ಹಾಲು ಕೇಳಿದವನಿಗೆ "ಹಳಗನ್ನಡದಲ್ಲಿ ಪಾಲು, ಸರಿಯಾಗಿ ಹೇಳು" ಅಂದ ಹಾಗೆ.

ಕಳೆದ ವಾರ ಕಾಕಾ ಫೋನ್ ಮಾಡಿದ್ದ. ಕಡ್ಲಿ ರೇಟು, ಅವ್ವನ ಮಂಡಿನೋವು ಎಲ್ಲ ಆದ ಮೇಲೆ, "ನಿಮ್ಮ ಮಾಗಡಿ ಹುಡುಗ ಹೆಂಗದಾನ?" ಅಂದ.

"ಮಗಹಿ, ಕಾಕಾ."

"ಹಾಂ, ಅದ. ಮಗಹಿ."

ಒಂದೇ ಸಲಕ್ಕೆ ಕಾಕಾನಿಗೆ ಬಂತು. ನಾನು ಡೆಸ್ಕಿನಲ್ಲೇ ಕೂತು ಮಾತಾಡುತ್ತಿದ್ದೆ. ಪಕ್ಕದಲ್ಲಿ ಗೆಳೆಯ ತನ್ನ ಭಾಷೆಯ ಹೆಸರು ಕೇಳಿ ತಲೆ ಎತ್ತಿ ನೋಡಿದ. ಅವನಿಗೆ ಕೇಳಿಸಲಿ ಅಂತ ಫೋನನ್ನು ಸ್ಪೀಕರಿಗೆ ಹಾಕಿದೆ.